ಬಿಕ್ಕಳಿಕೆ ನಿಲ್ಲಿಸಿದ ಹೆಸರು

ಬಿಕ್ಕಳಿಕೆ ಬಂದರೆ ಯಾರೋ ನಮ್ಮನ್ನು ನೆನೆಸಿಕೊಳ್ಳುತ್ತಿದ್ದಾರೆ, ಅವರ ಹೆಸರು ಹೇಳಿದ ಕೂಡಲೇ ಅದು ನಿಲ್ಲುತ್ತದೆ ಎಂಬ ಮಾತನ್ನು ಅರವತ್ತು ವರ್ಷ ಗೇಲಿ ಮಾಡಿಕೊಂಡೇ ಬಂದವನು ನಾನು. ಮಂಗಳೂರಿನ ದಕ್ಕೆಯಲ್ಲಿ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡಿ ಬದುಕಿದವನು. ಇಂಜಿನ್ ಕೆಮ್ಮಿದರೆ ಡೀಸೆಲ್‌ನಲ್ಲಿ ಕಸ ಉಂಟು ಎಂದು ಅರ್ಥ, ಅದನ್ನು ಯಾರೋ ನೆನೆಸಿಕೊಂಡಿದ್ದಾರೆ ಎಂದಲ್ಲ. ಈಗಲೂ ನನ್ನ ಅಭಿಪ್ರಾಯ ಅದೇ. ಆದರೆ ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನವನ್ನು ಮಾತ್ರ ಆ ಅಭಿಪ್ರಾಯದೊಳಗೆ ಎಷ್ಟು ತುರುಕಿದರೂ ಹಿಡಿಸುತ್ತಿಲ್ಲ.

ಆಗ ಕ್ಯಾನ್ಸರ್ ಎಂದು ನನ್ನ ಮೂತ್ರಕೋಶವನ್ನೇ ತೆಗೆದುಹಾಕಿದ್ದರು. ಹೊಟ್ಟೆಯ ಬಲಬದಿಯಲ್ಲಿ ಒಂದು ತೂತು, ಅದಕ್ಕೆ ಅಂಟಿಸಿದ ಚೀಲ, ಹೊಕ್ಕುಳಿನಿಂದ ಕೆಳಕ್ಕೆ ಉದ್ದದ ಹೊಲಿಗೆ. ಅದನ್ನೆಲ್ಲ ಸಹಿಸಿಕೊಂಡೆ. ನಾಲ್ಕನೇ ದಿನ ಬಿಕ್ಕಳಿಕೆ ಶುರುವಾಯಿತು ನೋಡಿ, ಅದನ್ನು ಸಹಿಸಲಾಗಲಿಲ್ಲ. ಇಷ್ಟು ದೊಡ್ಡ ಕಾಯಿಲೆಯವನಿಗೆ ಇಂಥ ಚಿಲ್ಲರೆ ಉಪದ್ರವ! ಯಾರಿಗಾದರೂ ಹೇಳಿದರೆ ಅವರು ನಗು ತಡೆದುಕೊಳ್ಳುವುದು ಕಾಣುತ್ತಿತ್ತು. ಇತ್ತ ಪ್ರತಿ ಬಿಕ್ಕಿಗೂ ಹೊಲಿಗೆ ಜಗ್ಗಿ ನನ್ನ ಕಣ್ಣಲ್ಲಿ ನೀರು. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಮೂರು ದಿನ ಕೂತೆ. ಗಂಜಿ ಇಳಿಯಲಿಲ್ಲ, ನಿದ್ರೆ ಹತ್ತಲಿಲ್ಲ. ಆರನೇ ದಿನ ಬೆಳಿಗ್ಗೆ ಡಾಕ್ಟರು, ಕರುಳು ಇನ್ನೂ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಸಂಜೆಯೊಳಗೆ ಬಿಕ್ಕಳಿಕೆ ನಿಲ್ಲದಿದ್ದರೆ ಮೂಗಿನಿಂದ ಹೊಟ್ಟೆಗೆ ಮತ್ತೆ ನಳಿಕೆ ಹಾಕಬೇಕಾಗುತ್ತದೆ, ಹೊಲಿಗೆ ಬಿಟ್ಟರೆ ಕಷ್ಟ ಎಂದರು. ಒಂದು ಇಂಜೆಕ್ಷನ್ ಬರೆದು ಹೋದರು.

ನೋಡಲು ಬಂದವರದ್ದು ಬೇರೆಯೇ ಕಾಟ. ಒಬ್ಬರು ಸಕ್ಕರೆ ತಿನ್ನಿ ಎಂದರು, ಇನ್ನೊಬ್ಬರು ಉಸಿರು ಬಿಗಿಹಿಡಿಯಿರಿ ಎಂದರು. ನಂತೂರಿನ ಟ್ರಾಫಿಕ್ ಬ್ಲಾಕ್‌ನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಬಿದ್ದು ಬಂದ ಒಬ್ಬ ಸಂಬಂಧಿಕ, ಬೆಚ್ಚಿಬಿದ್ದರೆ ನಿಲ್ಲುತ್ತದೆ ಎಂದು ಹಿಂದಿನಿಂದ ಬಂದು ಮಂಚಕ್ಕೆ ರಪ್ಪನೆ ಬಡಿದ. ಹೊಟ್ಟೆ ಕೊಯ್ಸಿಕೊಂಡವನನ್ನು ಬೆಚ್ಚಿಬೀಳಿಸುವ ಬುದ್ಧಿವಂತಿಕೆಗೆ ಏನೆನ್ನಬೇಕು! ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಆ ಹೆಸರು ಹೇಳುವ ಉಪಾಯಕ್ಕೇ. ನನ್ನ ಹೆಂಡತಿ ಸುಮತಿಯಂತೂ ದುಬೈಯ ಅಳಿಯನಿಂದ ಹಿಡಿದು ಬಜಪೆಯ ಬಡಗಿಯವರೆಗೆ, ರೇಷನ್ ಅಂಗಡಿಯಲ್ಲಿ ಕೂಗಿದ ಹಾಗೆ, ಹೆಸರು ಕೂಗುತ್ತಲೇ ಇದ್ದಳು. ಬೈಯಲು ಬಾಯಿ ತೆರೆದರೆ ಬಿಕ್ಕಳಿಕೆಯೇ ಮುಂದೆ ಬರುತ್ತಿತ್ತು.

ಅದೇ ಮಧ್ಯಾಹ್ನ, ಮೀನು ಮಾರಿ ಮುಗಿಸಿ, ನನ್ನ ತಂಗಿ ಶಶಿ ಬಂದಳು. ಅವಳ ವಿಷಯ ಸ್ವಲ್ಪ ಹೇಳಬೇಕು. ಅದಕ್ಕೂ ಏಳು ವರ್ಷ ಮೊದಲು ಅವಳ ಗಂಡ ಗಂಗಾಧರ ಹೋಗಿದ್ದ ಬೋಟು ಮುಳುಗಿತ್ತು. ಉಳಿದವರೆಲ್ಲ ಜೀವಂತ ಸಿಕ್ಕರು, ಅವನ ಹೆಣವೂ ಸಿಗಲಿಲ್ಲ. ಬಂದೇ ಬರುತ್ತಾರೆ ಎಂದು ಇವಳು ಕಾದು ಕೂತಳು. ಎಂಟು ತಿಂಗಳಾದ ಮೇಲೆ, ಇನ್ನು ಸಾಕು, ಹೋದವನು ಹೋದ ಎಂದು ಜೋರು ಮಾಡಿ ಉತ್ತರಕ್ರಿಯೆ ಮಾಡಿಸಿದವನು ನಾನು. ಅವಳ ಕುತ್ತಿಗೆಯ ಕರಿಮಣಿ ತೆಗೆಸಿದವನೂ ನಾನೇ. ಆಮೇಲೆ ಮನೆಯಲ್ಲಿ ಅವನ ಸುದ್ದಿ ಎತ್ತಬಾರದು ಎಂದು ಕಟ್ಟಪ್ಪಣೆಯನ್ನೂ ಮಾಡಿದ್ದೆ. ಅವಳ ಒಳ್ಳೆಯದಕ್ಕೇ ಮಾಡಿದ್ದೇನೆ ಎಂದು ನಂಬಿದ್ದೆ.

ಸುಮತಿಗೆ ಹೆಸರುಗಳು ಮುಗಿದಿದ್ದವು. "ಇನ್ನು ಯಾರು ಉಂಟು? ನೀನಾದ್ರೂ ಒಂದು ಹೆಸರು ಹೇಳು ಮಾರಾಯ್ತಿ" ಎಂದಳು. ಶಶಿ ಕೈಚೀಲವನ್ನು ಕಾಲಬುಡದಲ್ಲಿ ಇಟ್ಟು, ಕಿಟಕಿಯ ಕಡೆ ನೋಡುತ್ತ, "ಗಂಗಾಧರ" ಎಂದಳು. ನಮ್ಮೆದುರು ಅವಳು ಗಂಡನ ಹೆಸರು ಹಿಡಿದದ್ದು ಅದೇ ಮೊದಲು.

ಬಿಕ್ಕಳಿಕೆ ನಿಂತಿತು. ಅರ್ಧಕ್ಕೆ ಎದ್ದದ್ದು ಅಲ್ಲೇ ಅಡಗಿತು. ಮೂವರೂ ಕಾದೆವು. ಐದು ನಿಮಿಷ, ಹತ್ತು ನಿಮಿಷ, ಏನೂ ಇಲ್ಲ. ನನಗೆ ಸಮಾಧಾನವಾಗಬೇಕಿತ್ತು, ಆದರೆ ಮೈಯೆಲ್ಲ ಉರಿಯಿತು. ಸತ್ತವನ ಹೆಸರಿಗೆ ನಿಲ್ಲುವುದೆಂದರೇನು? "ಅದು ಇಂಜೆಕ್ಷನ್‌ನಿಂದ ನಿಂತದ್ದು" ಎಂದೆ. ಬೆಳಿಗ್ಗೆ ಡ್ರಿಪ್‌ಗೆ ಏನೋ ಚುಚ್ಚಿದ್ದರು, ಅದೇ ಬಿಕ್ಕಳಿಕೆಯ ಇಂಜೆಕ್ಷನ್ ಎಂದುಕೊಂಡಿದ್ದೆ. ಅಷ್ಟರಲ್ಲಿ ನರ್ಸ್ ಟ್ರೇ ಹಿಡಿದು ಬಂದಳು. "ಬಿಕ್ಕಳಿಕೆದು ಇಂಜೆಕ್ಷನ್ ಈಗ ಬಂತಷ್ಟೆ ಅಂಕಲ್, ಕೊಡ್ತೇನೆ" ಎಂದಳು.

ಕರುಳು ಸರಿಯಾಗಿರಬೇಕು, ಅದರಷ್ಟಕ್ಕೇ ನಿಲ್ಲುವುದುಂಟು ಎಂದು ಸಂಜೆ ಡಾಕ್ಟರು ಹೇಳಿದರು. ಒಪ್ಪುತ್ತೇನೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನೋಣ. ಆದರೆ ಮೂರು ದಿನದಲ್ಲಿ ಅಷ್ಟೊಂದು ಹೆಸರು ಹೇಳಿದ್ದರಲ್ಲ, ಆ ಕಾಗೆಗೆ ಬೇರೆ ಕೊಂಬೆಯೇ ಸಿಗಲಿಲ್ಲವೇ? ನೆನೆಸುವವನು ಬದುಕಿರಬೇಕು ಎಂಬುದು ಆ ಮೂಢನಂಬಿಕೆಯದ್ದೇ ನಿಯಮ. ಅದಾದರೂ ತನ್ನ ನಿಯಮದಂತೆ ನಡೆಯಬೇಡವೇ? ಗಂಗಾಧರನ ಸುದ್ದಿ ಇಂದಿನವರೆಗೆ ಎಲ್ಲಿಂದಲೂ ಬಂದಿಲ್ಲ. ನಡೆದದ್ದೇನು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಆ ದಿನ ನರ್ಸ್ ಅತ್ತ ಹೋದ ಮೇಲೆ ಶಶಿ ಎದ್ದು ನಿಂತಳು. ಈಗ ಅಳುತ್ತಾಳೆ ಎಂದುಕೊಂಡೆ. ಅವಳಿಗೆ ನನಗಿಂತ ಹೆಚ್ಚು ಸಿಟ್ಟು ಬಂದಿತ್ತು.

"ಏಳು ವರ್ಷದಿಂದ, ಬಿಕ್ಕಳಿಕೆ ಬಂದಾಗೆಲ್ಲ ಕೋಣೆಗೆ ಹೋಗಿ ಬಾಗಿಲು ಹಾಕಿ ನಾನು ಅದೇ ಹೆಸರು ಹೇಳ್ತೇನೆ ಅಣ್ಣ. ಒಂದು ಸಲ ಸಹ ನಿಲ್ಲಲಿಲ್ಲ. ನೀರು ಕುಡಿದೇ ನಿಲ್ಲಿಸಿದ್ದು. ಕರಿಮಣಿ ತೆಗೆಸಿದವನು ನೀನು. ನಿನ್ನನ್ನು ಅವರು ಎಂತಕ್ಕೆ ನೆನಪು ಮಾಡುವುದು?"

ಅವಳು ಚೀಲ ಎತ್ತಿಕೊಂಡು ಹೋದಳು.

ಈಗಲೂ ಭಾನುವಾರ ಬಂಗುಡೆ ಮೀನು ತಂದುಕೊಟ್ಟು ನಮ್ಮಲ್ಲೇ ಊಟ ಮಾಡಿ ಹೋಗುತ್ತಾಳೆ. ಆ ಮಾತು ಇಬ್ಬರೂ ಎತ್ತುವುದಿಲ್ಲ. ಅವಳಿಗೆ ಬಿಕ್ಕಳಿಕೆ ಬಂದರೆ ನಾನೇ ಎದ್ದು ಅಂಗಳಕ್ಕೆ ಹೋಗುತ್ತೇನೆ, ಅವಳು ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ. ಒಳಗಿನಿಂದ ಆ ಹೆಸರು ಕೇಳಿಸುತ್ತದೆ. ಆಗ ನನಗೆ ಆ ಗಂಗಾಧರನ ಮೇಲೆ ಎಂಥ ಸಿಟ್ಟು ಬರುತ್ತದೆ ಎಂದರೆ! ಬದುಕಿರಲಿ, ಸತ್ತಿರಲಿ, ಅವನು ನೆನೆಸಬೇಕಾದದ್ದು ಇವಳನ್ನಲ್ಲವೇ? ಅವಳ ಬಿಕ್ಕಳಿಕೆ ಆ ಹೆಸರಿಗೆ ಇವತ್ತಿನವರೆಗೆ ಒಮ್ಮೆಯೂ ನಿಂತಿಲ್ಲ.