ಮೊಸರಿನ ಗಡಿಗೆಯ ದೊರೆ

ನಮ್ಮ ಮನೆಯಲ್ಲಿ ದಿನಾ ಸಂಜೆ ಹಾಲಿಗೆ ಹೆಪ್ಪು ಹಾಕುವಾಗ ‘ಟಣ್’ ಎಂದು ಒಂದು ಸದ್ದಾಗುತ್ತದೆ. ಹೊಸಬರು ಕೇಳಿದರೆ ಅವ್ವನ ಕೈಯಿಂದ ಚಮಚ ಜಾರಿತೆಂದುಕೊಂಡಾರು. ಗಡಿಗೆಯೊಳಗೆ ಬೀಳುವುದು ಚಮಚವಲ್ಲ, ಹಿಂದೊಮ್ಮೆ ಈ ದೇಶವನ್ನು ಆಳಿದ ಬ್ರಿಟಿಷ್ ದೊರೆ. ಬೆಳ್ಳಿ ರೂಪಾಯಿಯೊಂದರ ಮೇಲೆ ಮುಖ ಪಕ್ಕಕ್ಕೆ ತಿರುಗಿಸಿ, ತುಂಬು ಗಡ್ಡ ಬಿಟ್ಟು, ಕಿರೀಟವಿಲ್ಲದ ಬೋಳುತಲೆಯಲ್ಲೂ ಗತ್ತು ಬಿಡದ ಆ ಮಹಾಶಯನನ್ನು ಅವ್ವ ಉಗುರುಬೆಚ್ಚನೆಯ ಹಾಲಿನಲ್ಲಿ ಮುಳುಗಿಸುತ್ತಾಳೆ. ಬೆಳ್ಳಿ ಬಿದ್ದರೆ ಮೊಸರು ಗಟ್ಟಿಯಾಗುತ್ತದೆ, ಹುಳಿಯಾಗುವುದಿಲ್ಲ ಎಂಬುದು ಅವಳ ಲೆಕ್ಕ. ಬೆಳಿಗ್ಗೆ ದೊರೆಯನ್ನು ಹೊರಗೆ ತೆಗೆದು, ನೀರಲ್ಲಿ ಒಮ್ಮೆ ಅದ್ದಿ, ಗೂಡಿನಲ್ಲಿ ಇಡುತ್ತಾಳೆ. ಅವಳ ತವರು ಕಿತ್ತೂರು. ಮದುವೆಯಲ್ಲಿ ಉಡಿ ತುಂಬುವಾಗ ಅವಳ ತಾಯಿ ಅಕ್ಕಿಯ ಜೊತೆ ಹಾಕಿದ ರೂಪಾಯಿ ಅದು. ಕಿತ್ತೂರಿನವರಿಗೂ ಬ್ರಿಟಿಷರಿಗೂ ನಡೆದ ಯುದ್ಧ ಎಂದೋ ಮುಗಿಯಿತೆಂದು ನಾನು ಶಾಲೆಯಲ್ಲಿ ಇತಿಹಾಸದ ಪಾಠ ಹೇಳುತ್ತೇನೆ. ಬೈಲಹೊಂಗಲದ ನಮ್ಮ ಅಡಿಗೆಮನೆಯಲ್ಲಿ ಅದಿನ್ನೂ ನಡೆದಿದೆ.

ಹೀಗಿರಲು ಒಂದು ದಿನ ನನ್ನ ಮೊಬೈಲಿನಲ್ಲಿ ಇದೇ ದೊರೆಯ ಇನ್ನೊಂದು ರೂಪಾಯಿ ಕಂಡಿತು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ, ನೆತ್ತಿಯ ಮೇಲೊಂದು ಚೀಟಿ, ಚೀಟಿಯಲ್ಲೊಂದು ಅಂಕಿ. ಓದುತ್ತ ಹೋದಂತೆ ತಿಳಿದದ್ದಿಷ್ಟು: ನಾಣ್ಯಗಳಿಗೂ ಪರೀಕ್ಷೆಯಿದೆ. ಫೀ ಕಟ್ಟಿ ಟಪಾಲಿನಲ್ಲಿ ಕಳಿಸಿದರೆ ತಜ್ಞರು ಅಸಲಿಯೋ ನಕಲಿಯೋ ನೋಡಿ, ಸವೆತ ಗೀರುಗಳನ್ನು ಅಳೆದು, ಎಪ್ಪತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಡಬ್ಬಿಯಲ್ಲಿ ಶಾಶ್ವತವಾಗಿ ಮುಚ್ಚಿ ಮರಳಿಸುತ್ತಾರೆ.

ಪರೀಕ್ಷೆ, ಫೀ, ಅಂಕ! ಸ್ನೇಹಿತರೇ, ಈ ಮೂರು ಶಬ್ದ ಕಿವಿಗೆ ಬಿದ್ದರೆ ನನ್ನಂಥವನ ಮೈ ಈಗಲೂ ಜುಮ್ಮೆನ್ನುತ್ತದೆ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲ ಪ್ರಾಣಿ ನಾನು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂಗ್ಲಿಷು ಎರಡು ಸಲ ನನ್ನನ್ನು ಕೆಡವಿ ಮೂರನೆಯ ಸಲ ದಾರಿ ಬಿಟ್ಟಿತು; ಅಂಕಪಟ್ಟಿಯಲ್ಲಿ ಆ ಅಂಕದ ಪಕ್ಕ ಒಂದು ಚುಕ್ಕಿ ಇಂದಿಗೂ ಚಾಡಿ ಹೇಳುತ್ತ ನಿಂತಿದೆ. ಪದವಿಯ ಪ್ರಮಾಣಪತ್ರ ಕೈಗೆ ಬಂದ ದಿನವೇ ಪ್ಲಾಸ್ಟಿಕ್ ಹೊದಿಸಿ ಬಿಗಿಸಿಬಿಟ್ಟೆ. ದೀಪಾವಳಿಯ ಪೂಜೆಗೆ ಅವ್ವ ಅದನ್ನೂ ಇಡುತ್ತಾಳೆ, ಆದರೆ ಅವಳು ಹಚ್ಚುವ ಕುಂಕುಮ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲದೆ ಉದುರುತ್ತದೆ. ಹಾಗಿದ್ದೂ ನಮ್ಮ ಮನೆಯ ಇನ್ನೊಬ್ಬ ಸದಸ್ಯನಿಗೆ ಅಂಕ ಕೊಡಿಸದೆ ಬಿಡಲು ನನಗೆ ಮನಸ್ಸಾಗಲಿಲ್ಲ.

ಸವದತ್ತಿಯಲ್ಲಿ ಕುಲಕರ್ಣಿ ಸರ್ ಇದ್ದಾರೆ. ನಿವೃತ್ತ ಗಣಿತ ಶಿಕ್ಷಕರು, ನಾಣ್ಯಗಳ ಹುಚ್ಚಿನವರು. ಅವರ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಓದೆಂಬುದು ಹಲ್ಲುಜ್ಜಿದಷ್ಟು ಸಹಜ. ಅವರಿಗೆ ಫೋಟೋ ಕಳಿಸಿದೆ. ಕೂಡಲೇ ಫೋನು ಬಂತು. ಹಾಲು ಮೊಸರಿನ ಒಡನಾಟಕ್ಕೆ ನಮ್ಮ ರೂಪಾಯಿ ನೀಲಿ ಬೆರೆತ ಕಪ್ಪಾಗಿತ್ತಲ್ಲ, ಆ ಬಣ್ಣವನ್ನೇ ಅವರು ಹೊಗಳಿದರು. ಅಕ್ಷರಗಳೂ ಸ್ಪಷ್ಟವಾಗಿವೆ, ಪರೀಕ್ಷೆಗೆ ಕಳಿಸಲು ಯೋಗ್ಯವಿರಬಹುದು, ಒಮ್ಮೆ ಕೈಯಲ್ಲಿ ಹಿಡಿದು ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಅಂಚು ಬಿಟ್ಟು ಬೇರೆಲ್ಲೂ ಮುಟ್ಟಬೇಡಿ ಎಂದರು.

ಅವ್ವನ ಮುಂದೆ ವಿಷಯ ಇಟ್ಟೆ.

“ಪಾಸಾದ್ರ ಡಬ್ಬ್ಯಾಗ ಹಾಕಿ ಕಳಸ್ತಾರ ಬೇ. ಮುಂದ ಒಡಿಯೂ ಹಂಗಿಲ್ಲ. ಒಡದ್ರ ನಂಬರ್ ಹೋತು.”

“ಮತ್ತ ನನ್ನ ಹೆಪ್ಪಿಗೆ?”

“ಬ್ಯಾರೆ ಬೆಳ್ಳಿ ತರೂಣಂತ.”

ಅವಳು ರೂಪಾಯಿಯನ್ನು ಸೆರಗಿನಲ್ಲಿ ಒರೆಸಿದಳು. ಅವಳ ತಾಯಿಯದೆಂದು ಉಳಿದಿರುವ ವಸ್ತು ಅದೊಂದೇ. “ನೀ ಸಾಲಿ ಕಲತಾಂವ. ನಿನಗ ಛಲೋ ಕಂಡ್ರ ಒಯ್ಯಿ, ತಮ್ಮಾ,” ಎಂದಳು. ಅದು ಒಪ್ಪಿಗೆಯಲ್ಲ, ನನ್ನ ಓದಿನ ಮೇಲಿನ ನಂಬಿಕೆ. ಬೇಡವೆಂದಿದ್ದರೆ ವಾದಿಸಿ ಗೆಲ್ಲಬಹುದಿತ್ತು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಹಿತ್ತಾಳೆಯ ತಟ್ಟೆಯಲ್ಲಿ ದೊರೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದಾನೆ!

“ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀನಿ,” ಎಂದಳು ಅವ್ವ, ಕೈ ಒರೆಸಿಕೊಳ್ಳುತ್ತ. “ತಿಳದವರ ಮುಂದ ಹೊಲಸ ಮಾರೀಲೆ ಹೋಗಬಾರ್ದು. ನಿನ್ನನ್ನರ ಹಂಗ ಕಳಿಸಿದ್ದೆನೇನು ಪರೀಕ್ಷಾಕ್ಕ?”

ಕಳಿಸಿರಲಿಲ್ಲ. ಪ್ರತಿ ಪರೀಕ್ಷೆಯ ಬೆಳಿಗ್ಗೆಯೂ ಮೊಳಕಾಲು, ಹಿಮ್ಮಡಿಗಳನ್ನು ತೆಂಗಿನ ನಾರಿನಿಂದ ಉರಿಯುವಂತೆ ತಿಕ್ಕಿಯೇ ಕಳಿಸುತ್ತಿದ್ದಳು, ಉತ್ತರ ಬರೆಯುವುದು ಮೊಳಕಾಲಿನಿಂದಲೇ ಎಂಬಂತೆ. ಮುಟ್ಟಬೇಡಿ ಎಂಬ ಸರ್ ಮಾತನ್ನು ಅವ್ವನಿಗೆ ಹೇಳುವುದನ್ನು ಈ ಪದವೀಧರ ಮರೆತಿದ್ದ.

ಅದೇ ದಿನ ಸವದತ್ತಿಯಲ್ಲಿ ಕುಲಕರ್ಣಿ ಸರ್ ನಾನು ಒಯ್ದ ಡಬ್ಬಿಯ ಮುಚ್ಚಳ ತೆಗೆದವರೇ ನನ್ನ ಮುಖ ನೋಡಿದರು.

“ಏನ್ರಿ ಮಾಸ್ತರ, ಯಾರ್ರಿ ಇವಗ ನೀರ ಎರದು ಕಳಿಸಿದವರು?”

“ನಮ್ಮವ್ವರಿ.”

“ಭಾಳ ಪ್ರೀತೀಲೆ ಎರದಾರ ಬಿಡ್ರಿ.” ಅವರು ರೂಪಾಯಿಯ ಅಂಚು ಹಿಡಿದು ದೀಪದ ಕೆಳಗೆ ಓರೆಯಾಗಿ ತಿರುಗಿಸಿದರು. “ಉಜ್ಜಿರದಿದ್ರ ಬೆಳಕು ಗಾಲಿಯಂಗ ಸುತ್ತಬೇಕಿತ್ತು ನೋಡ್ರಿ. ಇಲ್ಲೆ ಬರೇ ಸಣ್ಣ ಸಣ್ಣ ಗೀರು ಕಾಣಸ್ತಾವ. ಅಸಲಿ ಅದ, ಅನುಮಾನ ಇಲ್ಲ. ಆದ್ರ ಕಳಿಸಿದ್ರ ನಂಬರ್ ಕೊಡೂದಿಲ್ಲ. ‘ಅಸಲಿ, ಉಜ್ಜಿದ್ದು’ ಅಂತ ಬರದು ವಾಪಸ್ ಕಳಸ್ತಾರ. ಅಷ್ಟ ಬರಸಲಿಕ್ಕೆ ಯಾಕ ಫೀ ಕಟ್ಟತೀರಿ?”

“ನಿನ್ನಿ ಹಂಗ ಇದ್ದಿದ್ರರಿ?”

“ನಿನ್ನಿ ಹಂಗ ಇದ್ದಿದ್ರ ನಾನ ಕಳಿಸ್ರಿ ಅಂತಿದ್ದೆ.”

ಮರಳುವಾಗ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕುಳಿತಾಗ ಆ ಎರಡು ಶಬ್ದ ತಲೆಯಲ್ಲಿ ಸುತ್ತತೊಡಗಿದವು. ಅಸಲಿ, ಉಜ್ಜಿದ್ದು. ನನ್ನ ಅಂಕಪಟ್ಟಿಯ ಆ ಚುಕ್ಕಿ ಹೇಳುವುದೂ ಇದನ್ನೇ ಅಲ್ಲವೇ? ಎಪ್ಪತ್ತಕ್ಕೆ ಎಪ್ಪತ್ತು ಯಾರಿಗೆ ಸಿಗುತ್ತದೆ ಎಂದು ಯೋಚಿಸಿ ನೋಡಿ: ಯಾರ ಕೈಗೂ ಹೋಗದ, ಸಂತೆಯ ಮುಖ ಕಾಣದ, ಒಂದು ಹಿಡಿ ಜೋಳವನ್ನೂ ಕೊಂಡು ತಾರದ ನಾಣ್ಯಕ್ಕೆ. ಹುಟ್ಟಿದ್ದು ಯಾವ ಕೆಲಸಕ್ಕೋ ಆ ಕೆಲಸವನ್ನು ಒಂದು ದಿನವೂ ಮಾಡದವನಿಗೆ ಪ್ರಥಮ ಸ್ಥಾನ! ಹಾಲಿನಲ್ಲಿ ಮುಳುಗಿ ದುಡಿದು ಮೈ ಕಪ್ಪಾಗಿಸಿಕೊಂಡವನಿಗೆ ಕೆಳಗಿನ ಅಂಕ, ತಾಯಿಯ ಕೈಗೆ ಸಿಕ್ಕಿ ತಿಕ್ಕಿಸಿಕೊಂಡವನಿಗೆ ಅಂಕವೇ ಇಲ್ಲ. ನಂಬರು ಸಿಕ್ಕಿದ್ದರೆ ಈ ತತ್ವಜ್ಞಾನ ನನಗೆ ಹೊಳೆಯುತ್ತಲೇ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಅದೂ ಇರಲಿ. ಅವ್ವನಿಗೆ ಏನು ಹೇಳುವುದು? ಅವಳ ತಾಯಿಯ ರೂಪಾಯಿಯನ್ನು ಅವಳೇ ಕೆಡಿಸಿದಳೆಂದೇ?

ಮನೆಗೆ ಬಂದಾಗ ಹಾಲು ಆರಲು ಇಟ್ಟು ಅವ್ವ ಗಡಿಗೆಯ ಮುಂದೆಯೇ ಕುಳಿತಿದ್ದಳು.

“ಪಾಸಾದ್ನೇನು ನಮ್ಮ ಬೋಳ್ಯಾ?”

“ಅಸಲಿ ಅಂತ ಹೇಳಿದ್ರು ಬೇ.”

“ಅದು ನನಗ ಗೊತ್ತಿಲ್ಲೇನು? ನಂಬರ್ ಎಷ್ಟ ಬಿದ್ವು?”

ಸುಳ್ಳು ತುದಿನಾಲಗೆಯವರೆಗೆ ಬಂದಿತ್ತು. “ನಂಬರ್ ಕೊಡಂಗಿಲ್ಲಂತ. ತಿಕ್ಕಿದ್ದಕ್ಕ. ತಪ್ಪು ನಂದ ಐತಿ, ನಿನಗ ಹೇಳೂದು ಮರತೆ.”

ಅವಳ ಕೈ ಗಡಿಗೆಯ ಬಾಯಿಯ ಮೇಲೆ ನಿಂತಿತು. ಅವಳು ನೊಂದುಕೊಂಡಳೆಂದೇ ನಾನು ತಿಳಿದೆ. ಆದರೆ ತಲೆಯೆತ್ತಿದಾಗ ಆ ಕಣ್ಣಲ್ಲಿದ್ದದ್ದು ನೋವಲ್ಲ, ಅಪ್ಪಟ ಆಶ್ಚರ್ಯ.

“ಇದೆಂಥಾ ಪರೀಕ್ಷಾನೋ ಯಪ್ಪಾ! ನಿನ್ನ ತಿಕ್ಕಿ ಕಳಿಸಿದಾಗ ಕೊಟ್ಟಿದ್ರಲ್ಲ?”

“ಮೂರನೇ ಸಲಕ್ಕ ಕೊಟ್ರು ಬೇ.”

“ಕೊಟ್ರಿಲ್ಲೋ?” ಎಂದು ಅವಳು ಗಡಿಗೆಯನ್ನು ನನ್ನತ್ತ ಸರಿಸಿದಳು.

ನಾನು ರೂಪಾಯಿಯನ್ನು ಹೊರತೆಗೆದೆ. ಅಂಚಿಗೆ ಹಿಡಿಯಲಿಲ್ಲ. ದೊರೆಯ ಬೋಳುತಲೆಯ ಮೇಲೇ ಹೆಬ್ಬೆರಳು ಒತ್ತಿ, ಹಾಲಿನ ಮೇಲೆ ಹಿಡಿದು, ಬಿಟ್ಟೆ.

ಟಣ್.