ಕರಾವಳಿಯಿಂದ ಬಂದ ದೇವರು

...ನಾಲಿಗೆಯೋ, ಬರೀ ತುಟಿಯೋ, ಈಗ ಖಾತ್ರಿಯಿಲ್ಲ. ನೆಲದಿಂದ ಆಯ್ದ ಚೂರನ್ನು ಗೌರಮ್ಮ ಮೇಡಂ ಬಾಯಿಗೆ ತಾಗಿಸಿ ನೋಡುತ್ತಿದ್ದರು ಎಂಬುದಂತೂ ನೆನಪಿದೆ. “ಮೂಳೆ ಆದ್ರೆ ಅಂಟ್ಕೊತದೆ, ಕಲ್ಲಾದ್ರೆ ಜಾರ್ತದೆ ಕಣೋ” ಎನ್ನುವರು. ತಿ. ನರಸೀಪುರದ ಕಾಲೇಜಿನಲ್ಲಿ ಅವರು ಇತಿಹಾಸ ಪಾಠ ಮಾಡುತ್ತಿದ್ದರು. ನಾನು ಅದೇ ಸ್ಟಾಫ್‌ರೂಮಿನಲ್ಲಿ ಕಿರಿಯ. ನಮ್ಮ ಮೇಜಿನ ಮೇಲೆ ಯಾವಾಗಲೂ ಯಾವುದೋ ಊರಿನ ಮಣ್ಣು.

ಬೇಸಿಗೆ ರಜೆಗೆ ಅವರು ಕರಾವಳಿಗೆ ಹೊರಡುವರು. ನರಸೀಪುರದ ಸಂಗಮದ ದಂಡೆಯಲ್ಲಿ ಕಲ್ಲು ಉಜ್ಜಿ ಕೊಡಲಿ ಮಾಡುತ್ತಿದ್ದ ಆದಿಕಾಲದ ಜನ ಘಟ್ಟ ಇಳಿದು ಸಮುದ್ರ ಕಂಡಿದ್ದರು ಎಂಬುದು ಅವರ ವಾದ. ಯಾರೂ ನಂಬಿರಲಿಲ್ಲ. ಒಂದು ಬೇಸಿಗೆಯಲ್ಲಿ ಅಲ್ಲಿಯ ಕೆಂಪು ಗುಡ್ಡದಲ್ಲಿ ಅಂಗೈಯಗಲದ ಕೊಡಲಿಗಲ್ಲು ಸಿಕ್ಕಿತು. ನುಣುಪಾಗಿತ್ತು, ಅಲ್ಲಿಯ ಕಲ್ಲಿನಂತಲ್ಲ, ನಮ್ಮ ಕಡೆಯ ಕರಿಕಲ್ಲಿನಂತೆಯೇ ಇತ್ತು. ಲ್ಯಾಬಿಗೆ ಕೊಟ್ಟು ಹೌದೆನಿಸುವುದಷ್ಟೇ ಬಾಕಿ.

ತಮ್ಮ ಊರಾದ ಚಿಕ್ಕಯ್ಯನಛತ್ರದ ಮನೆಯ ಜಗಲಿಯಲ್ಲಿ ಅದನ್ನು ತೊಳೆದು ಒಣಗಲಿಟ್ಟು, ಸಂಜೆ ನಂಬರು ಬರೆಯೋಣವೆಂದು ಕಾಲೇಜಿಗೆ ಬಂದರು. ಉಳುವಾಗ ಸಿಕ್ಕ ನುಣುಪು ಕಲ್ಲುಗಳನ್ನೆಲ್ಲ ಸಿಡಿಲಿನ ಕಲ್ಲೆಂದು ಅರಳಿಕಟ್ಟೆಯಲ್ಲಿಟ್ಟು ವಿಭೂತಿ ಬಳಿಯುವುದು ಆ ಊರಿನ ರೂಢಿ. ಅವೂ ಹಳೆಯ ಕೊಡಲಿಗಳೇ. ಅವತ್ತು ಮೇಡಂ ಅವರ ಅಣ್ಣ ಮಾದಪ್ಪ ಅವನ್ನೆಲ್ಲ ಸೀಗೆಪುಡಿ ಹಾಕಿ ಉಜ್ಜಿ, ಸಿಮೆಂಟಿನಲ್ಲಿ ಕೂರಿಸಿ, ಎಣ್ಣೆ ಹಚ್ಚಿದ್ದರು. ಜಗಲಿಯದನ್ನೂ ಸೇರಿಸಿ.

“ದೇವ್ರು ಬಿಸ್ಲಲ್ಲಿ ಬಿದ್ದಿತ್ತು ಕಣವ್ವ, ಕೂರುಸ್ಬುಟ್ಟೆ.”

“ಯಾವ್ದಣ್ಣಾ ನಂದು?”

“ದೇವ್ರಲ್ಲಿ ನಿಂದು ನಂದು ಅಂತ ಉಂಟೇನವ್ವ?”

ಮೊಬೈಲಿನ ಫೋಟೋದಲ್ಲಿ ಕಲ್ಲು ಇಡಿಯಾಗಿತ್ತು. ಸಿಮೆಂಟಿನ ಮೇಲೆ ಬರೀ ತುದಿಗಳು. ಕೀಳಲು ಊರು ಬಿಡಲಿಲ್ಲ. ಕರಾವಳಿಯಿಂದ ತಂದದ್ದು ಕಟ್ಟೆಯ ಕಲ್ಲುಗಳಿಗಿಂತ ಬೇರೆ ಜಾತಿಯದಾಗಿದ್ದರೆ ಗುರುತು ಸಿಗುತ್ತಿತ್ತು. ಮೇಡಂ ಅವರ ವಾದ ಸುಳ್ಳಾಗಿದ್ದರೆ ಮಾತ್ರ ಸಾಕ್ಷಿ ಸಿಗುತ್ತಿತ್ತು.

ಮೈಸೂರಿನ ಸೆಮಿನಾರಿನಲ್ಲಿ ಇದನ್ನು ಹೇಳಿದಾಗ, “ತೀರ್ಥಪ್ರಸಾದಾನಾದ್ರೂ ತರಬೇಕಿತ್ತು ಮೇಡಂ” ಎಂದರು ವೇದಿಕೆಯಲ್ಲಿದ್ದ ಹಿರಿಯರೊಬ್ಬರು. ಸಭೆ ನಕ್ಕಿತು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಕೆಳಗಿಳಿದರು. ಆಮೇಲೆ ಕರಾವಳಿಗೆ ಹೋಗಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಆ ಕಟ್ಟೆಯ ಬಳಿಯೇ. ನಂಜನಗೂಡಿನ ಆಸ್ಪತ್ರೆಯಿಂದ ಬಂದು ಸೊರಗಿದ್ದರು. ಒಂದೊಂದೇ ಕಲ್ಲು ಮುಟ್ಟಿ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡರು.

“ಎಣ್ಣೆ ಕಣೋ. ಬರೀ ಎಣ್ಣೆ.”

ಹೀಗೆ ಅಂದರೋ, ಅವರು ಹೋದ ಮೇಲೆ ನಾನೇ ಅವರ ಬಾಯಿಗೆ ಹಾಕಿದ ಮಾತೋ. ಮಾದಪ್ಪನವರು ಈಗಲೂ ಸೋಮವಾರ ಸೋಮವಾರ ಎಣ್ಣೆ ಹಚ್ಚುತ್ತಾರೆ. ಅವುಗಳಲ್ಲಿ ಸಮುದ್ರದ ಕಡೆಯಿಂದ ಬಂದದ್ದು ಯಾವುದು, ನನಗೆ ಗೊತ್ತಿಲ್ಲ. ಇಲ್ಲಿಯವರು ಸಮುದ್ರ ಕಂಡಿದ್ದರೋ ಇಲ್ಲವೋ, ಅದೂ ಗೊತ್ತಿಲ್ಲ.