ಹೊಸ್ತಿಲ ಹೊರಗಿನ ಬೆಂಚು

ಪುಣೆಯ ಬಿಬವೇವಾಡಿಯ ಸಿದ್ದಲಿಂಗಪ್ಪನ ಕಿರಾಣಿ ಅಂಗಡಿಗೆ ಹೋದವರು ಮೊದಲು ಎಡವುತ್ತಿದ್ದದ್ದು ಒಂದು ಬೆಂಚಿಗೆ. ಸಾಗುವಾನಿಯ ಗಟ್ಟಿ ಬೆಂಚು, ಹೊಸ್ತಿಲಿನಿಂದ ಒಂದು ಗೇಣು ಹೊರಗೆ, ಗಿರಾಕಿಗಳ ಕಾಲಿಗೆ ಸರಿಯಾಗಿ ಅಡ್ಡ. ಒಳಗೆ ಇಷ್ಟು ಜಾಗ ಇರುವಾಗ ಇದನ್ನು ಬೀದಿಗೆ ಯಾಕೆ ಹಾಕಿದ್ದೀರಿ ಎಂದು ಹೊಸಬರು ಕೇಳಿದರೆ, "ಅದು ನಾ ಆಡಿದ ಮಾತು. ಒಳಗ ಹಿಡೀಲಿಲ್ಲ, ಹೊರಗ ಇಟ್ಟೀನಿ" ಎನ್ನುತ್ತಿದ್ದ ಸಿದ್ದಲಿಂಗಪ್ಪ. ಹಳಬರು ನಗುತ್ತಿದ್ದರು. ಅವರಿಗೆ ಗೊತ್ತಿತ್ತು, ಆ ಬೆಂಚು ಕಾಡಪ್ಪನದು.

ಇಬ್ಬರೂ ಇಂಡಿ ಕಡೆಯ ಒಂದೇ ಊರಿನವರು, ಒಬ್ಬನೇ ಗುರುವಿನ ಕೈಯಿಂದ ಲಿಂಗ ಕಟ್ಟಿಸಿಕೊಂಡವರು. ಸಿದ್ದಲಿಂಗಪ್ಪ ಪುಣೆಗೆ ಬಂದು ಜೋಳ, ಬೆಲ್ಲ, ಬ್ಯಾಡಗಿ ಮೆಣಸಿನಕಾಯಿ ಮಾರುತ್ತ ಕುಳಿತ. ಕಾಡಪ್ಪ ತಳೇಗಾಂವದ ಒಂದು ಕಾರಖಾನೆಯಲ್ಲಿ ಸ್ಟೋರ್ ಕ್ಲಾರ್ಕ್ ಆದ, ದಿನಾ ಲೋಕಲ್ ರೈಲಿನಲ್ಲಿ ಹೋಗಿ ಬರುತ್ತಿದ್ದ. ಅದು ಅವನ ಹೊಟ್ಟೆಪಾಡು. ಅವನ ಖರೇ ಕಸುಬು ಬೇರೆ ಇತ್ತು. ಶ್ರಾವಣ ಬಂತೆಂದರೆ ಅಂಗಡಿಯ ಅಟ್ಟದ ಮೇಲೆ ಬೆಲ್ಲದ ಪೆಂಟೆಗಳನ್ನು ಗೋಡೆಗೆ ಒತ್ತಿ ಚಾಪೆ ಹಾಸುತ್ತಿದ್ದರು. ತಿಂಗಳಿಡೀ ಸಂಜೆಗೆ ಪುರಾಣ. ಯಾರೋ ಒಬ್ಬರು ರಾಗವಾಗಿ ಓದಬೇಕು, ಕಾಡಪ್ಪ ಅರ್ಥ ಬಿಡಿಸಬೇಕು. ಭಾನುವಾರ ಬೆಳಿಗ್ಗೆ ಅದೇ ಚಾಪೆಯ ಮೇಲೆ ಮಕ್ಕಳಿಗೆ ವಚನದ ಪಾಠ. ಮರಾಠಿ ಶಾಲೆಗೆ ಹೋಗಿ ಕನ್ನಡ ಮರೆಯುತ್ತಿದ್ದ ಮಕ್ಕಳು ಅವನ ಮುಂದೆ ಕಿವಿ ನಿಗುರಿಸಿ ಕೂರುತ್ತಿದ್ದವು.

ಅವನ ದೃಷ್ಟಾಂತಗಳೆಲ್ಲ ಕೆಳಗಿನ ಅಂಗಡಿಯಿಂದಲೇ ಏರಿ ಬರುತ್ತಿದ್ದವು.

"ಮಾಯೆ ಅಂದ್ರ ಏನ್ರಿ?" ಎಂದು ಒಮ್ಮೆ ಯಾರೋ ಕೇಳಿದರು.

"ನಮ್ಮ ಸಿದ್ದಲಿಂಗಪ್ಪ ಚೀಲದ ಬಾಯಿಗೆ ಚಂದನ್ನ ಕೆಂಪ ಮೆಣಸಿನಕಾಯಿ ಇಟ್ಟಿರ್ತಾನ್ರಿ. ತಳದಾಗ ಏನದ ಅನ್ನೂದು ಮನಿಗೆ ಹೋಗಿ ಸುರುವಿದಾಗ ಗೊತ್ತಾಗೂದು. ಅದ ಮಾಯೆ."

ಅಟ್ಟ ನಕ್ಕಿತು. ಕೆಳಗೆ ತಕ್ಕಡಿ ಹಿಡಿದಿದ್ದ ಸಿದ್ದಲಿಂಗಪ್ಪ ಅಲ್ಲಿಂದಲೇ ಕೂಗಿದ: "ಲೇ ಕಾಡ್ಯಾ, ಅರ್ಥ ಹೇಳಂದ್ರ ಗಿರಾಕಿ ಓಡಸ್ತಿಯೇನೋ!"

ಹೀಗೆ ಹತ್ತಾರು ಶ್ರಾವಣ ನಡೆದವು. ಎಪ್ಪತ್ತೊಂಬತ್ತರಲ್ಲಿ ಪುಣೆಯ ದಂಡುಪೇಟೆ ಕ್ಯಾಂಪಿನ ಚರ್ಚಿನ ಪಾದ್ರಿಯೊಬ್ಬರಿಗೆ ಕನ್ನಡ ಕಲಿಯುವ ತುರ್ತು ಬಂತು. ಅವರನ್ನು ಕರ್ನಾಟಕದ ಕಡೆಗೆ ವರ್ಗ ಮಾಡುವವರಿದ್ದರು. ಕಲಿಸಬಲ್ಲವರು ಯಾರೆಂದು ಹುಡುಕಿದಾಗ ಕಾಡಪ್ಪನ ಹೆಸರು ಬಂತು. ಪಾದ್ರಿಯ ಹತ್ತಿರ ಇದ್ದ ಕನ್ನಡ ಪುಸ್ತಕ ಒಂದೇ, ಅದು ಅವರ ಶಾಸ್ತ್ರದ್ದು. ಅದೇ ಪಾಠದ ಪುಸ್ತಕವಾಯಿತು. ಅರ್ಥ ಹೇಳುವ ಚಟ ಕಾಡಪ್ಪನಿಗೆ ಮೊದಲೇ ಇತ್ತು, ಒಂದೊಂದು ಸಾಲನ್ನೂ ಹಿಂಜಿ ಹಿಂಜಿ ಹೇಳಿದ. ವರ್ಷ ತುಂಬುವುದರೊಳಗೆ ಪಾದ್ರಿ ಕನ್ನಡ ಕಲಿತು ಗಂಟುಮೂಟೆ ಕಟ್ಟಿದರು. ಕಲಿತವರು ಹೋದರು, ಕಲಿಸಿದವನು ಅಲ್ಲೇ ಉಳಿದ. ಎಂಬತ್ತರ ಈಸ್ಟರ್ ಹಬ್ಬಕ್ಕೆ ಕಾಡಪ್ಪ ಕ್ಯಾಥೊಲಿಕ್ ಆದ.

ಸಿದ್ದಲಿಂಗಪ್ಪನಿಗೆ ಅವನೇ ಬಂದು ಹೇಳಿದ. ಅಂಗಡಿಯೊಳಗೆ ಜೋಳದ ಚೀಲದ ಮೇಲೆ ಕುಳಿತು, ಮಳೆಯ ಸುದ್ದಿ ಹೇಳುವಷ್ಟು ಸಲೀಸಾಗಿ.

ಸಿದ್ದಲಿಂಗಪ್ಪ ವ್ಯಾಪಾರಿ. ಯಾವ ಸೌದಾ ಇದ್ದರೂ ಯಾರಿಗೆ ಏನು ಗಿಟ್ಟಿತು ಎಂದು ಮೊದಲು ನೋಡುವವನು. "ಏನ್ ಕೊಟ್ರು?" ಎಂದು ಕೇಳಿದ.

"ಏನೂ ಇಲ್ಲ. ಮೊಣಕಾಲೂರಿ ಊರಿ ಬ್ಯಾನಿ ಬಂದದ, ಅಷ್ಟ."

"ಮತ್ತ ಯಾಕ?"

"ಅವರಿಗೆ ಪಾಠ ಹೇಳಾಕತ್ತಿದ್ದೆ. ಒಂದಿನಾ ನಡುವ ನಿಲ್ಲಿಸಿ, ಇದನ್ನ ನೀವು ನಂಬ್ತೀರೇನ್ರಿ ಅಂತ ಕೇಳಿದ್ರು. ಇಲ್ಲ ಅನ್ನಾಕ ಬಾಯಿ ತಗದೆ. ಬರಲಿಲ್ಲ. ನಂಬಿ ಭಾಳ ದಿನಾ ಆಗಿತ್ತು, ನನಗ ಗೊತ್ತಿರಲಿಲ್ಲ."

"ಲಿಂಗ ಏನ್ ಮಾಡಿದಿ?"

"ಊರಿಗೆ ಹೋಗಿ ಗುರುಗಳ ಪಾದದ ಮುಂದ ಇಟ್ಟು ಬಂದೆ. ಅವರು ಉಂಡು ಹೋಗು ಅಂದ್ರು."

ಸಿದ್ದಲಿಂಗಪ್ಪ ಚೀಲದ ಹೊಲಿಗೆಯನ್ನು ಬೆರಳಿನಿಂದ ಕಿತ್ತ. "ಹೆಸರೂ ಬದಲಾತೇನು?"

"ಅಲ್ಲಿ ಪೇತ್ರ ಅಂತಾರ. ಇಲ್ಲಿ ಕಾಡಪ್ಪನ."

"ಎರಡ ಹೆಸರಿನ ಮಂದೀನ ನಾ ಅಂಗಡಿಯೊಳಗ ಬಿಟ್ಟುಕೊಳ್ಳಾಂಗಿಲ್ಲ ನೋಡು," ಎಂದು ಸಿದ್ದಲಿಂಗಪ್ಪ ಚಹಾ ತರಿಸಿದ. ಈ ಚೇಷ್ಟೆಯ ಮಾತು ಮುಂದೆ ತನ್ನ ಕೊರಳಿಗೇ ಬರುತ್ತದೆಂದು ಆಗ ಅವನಿಗೆ ಹೊಳೆಯಲಿಲ್ಲ.

ಕಾಡಪ್ಪನ ಹೆಂಡತಿ ಶಿವಗಂಗವ್ವ ಲಿಂಗ ಬಿಡಲಿಲ್ಲ, ಗಂಡನನ್ನೂ ಬಿಡಲಿಲ್ಲ. ಓಣಿಯ ಹೆಂಗಸರು ಕೆದಕಿ ಕೇಳಿದರೆ, "ಅವರು ಮೊಣಕಾಲ ಊರತಾರ, ನಾ ಚಕ್ಕಳಮಕ್ಕಳ ಹಾಕ್ತೀನಿ. ಒಲಿ ಒಂದ ಅದ, ನಿಮಗೇನ್ರವಾ ತ್ರಾಸು?" ಎನ್ನುತ್ತಿದ್ದಳು.

ತ್ರಾಸು ಕನ್ನಡದವರ ಸಂಘಕ್ಕಿತ್ತು. ಸಂಘದ ಅಧ್ಯಕ್ಷ ಕಾಶಪ್ಪ ಕಟ್ಟಿಗೆ ಅಡ್ಡೆಯ ಮಾಲಕ. ಮನುಷ್ಯ ಕೆಟ್ಟವನಲ್ಲ, ಆದರೆ ತಾನು ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದ ಅರ್ಥವನ್ನೆಲ್ಲ ಹೇಳಿದವನೇ ಎದ್ದು ಹೋದದ್ದು ಅವನಿಗೆ ಮುಖಕ್ಕೆ ಹೊಡೆದಂತಾಗಿತ್ತು. ದೀಪಾವಳಿಯ ಸಭೆಯಲ್ಲಿ ಅವನು ತೀರ್ಮಾನ ಮುಂದಿಟ್ಟ: ಕಾಡಪ್ಪನನ್ನು ಇನ್ನು ಯಾರೂ ಮನೆಗೆ, ಅಂಗಡಿಗೆ ಸೇರಿಸಬಾರದು.

ಸಿದ್ದಲಿಂಗಪ್ಪ ಎದ್ದ. "ಕಾಶಪ್ಪನವರ, ಶಿವರಾತ್ರಿ ತನಕಾ ತಡೀರಿ. ನಾ ಅವನ್ನ ಹೊಳ್ಳಿ ಕರ್ಕೊಂಡು ಬರ್ತೀನಿ. ತರಲಿಲ್ಲಂದ್ರ ಅವನ ಕಾಲು ನನ್ನ ಅಂಗಡಿ ಹೊಸ್ತಿಲಾ ದಾಟೂದಿಲ್ಲ."

"ವ್ಯಾಪಾರದ ಮಾತೋ, ಬಾಯಿ ಮಾತೋ?"

"ವ್ಯಾಪಾರದ ಮಾತು."

ಇಡೀ ಮಾರ್ಕೆಟ್ ಯಾರ್ಡಿಗೆ ಗೊತ್ತಿದ್ದ ಸಂಗತಿ, ಸಿದ್ದಲಿಂಗಪ್ಪ ವ್ಯಾಪಾರದ ಮಾತೆಂದರೆ ತಪ್ಪುವವನಲ್ಲ. ಮೂರ್ನಾಲ್ಕು ತಿಂಗಳಿನಲ್ಲಿ ಗೆಳೆಯ ತಾನಾಗಿಯೇ ದಣಿದು ಮರಳುತ್ತಾನೆಂದು ಅವನ ಅಂದಾಜು. ಮೆಣಸಿನಕಾಯಿಯ ದರದಲ್ಲಿ ಅವನ ಅಂದಾಜು ತಪ್ಪಿದ್ದೇ ಇಲ್ಲ. ಕಾಡಪ್ಪನಿಗೆ ಮಾತ್ರ ಅವನು ಈ ಮಾತಿನ ಸುಳಿವನ್ನೇ ಕೊಡಲಿಲ್ಲ. ಹೇಳಿದರೆ ಅವನು ಇನ್ನಷ್ಟು ಗಟ್ಟಿಯಾಗುತ್ತಾನೆಂಬ ಹೆದರಿಕೆ.

ಎಂಬತ್ತೊಂದರ ಶಿವರಾತ್ರಿ ಬುಧವಾರ ಬಂತು. ಬೆಳಿಗ್ಗೆ ಸಿದ್ದಲಿಂಗಪ್ಪ ಬಿಲ್ವಪತ್ರೆ, ಹೂವು ತುಂಬಿಕೊಂಡು ಟೆಂಪೋದಲ್ಲಿ ಸ್ವಾರಗೇಟ್ ದಾಟುತ್ತಿದ್ದ. ಅತ್ತಲಿನ ಬಸ್ ನಿಲ್ದಾಣದಲ್ಲಿ ಕಾಡಪ್ಪ ನಿಂತಿದ್ದ. ಕೈಯಲ್ಲಿ ಊಟದ ಡಬ್ಬಿ ಇಲ್ಲ. ಹಣೆಯ ಮೇಲೆ ಬೂದಿ!

ಸಿದ್ದಲಿಂಗಪ್ಪ ಕಣ್ಣುಜ್ಜಿಕೊಂಡು ನೋಡಿದ. ಬೂದಿಯೇ. ಬೆವರು ಒರೆಸಿಕೊಂಡು ಅಡ್ಡಡ್ಡ ಹರಡಿದೆ, ಆದರೂ ಬೂದಿಯೇ. "ಕಾಡ್ಯಾ!" ಎಂದು ಕೂಗುವಷ್ಟರಲ್ಲಿ ಸ್ಟೇಶನ್ನಿನ ಬಸ್ಸು ಅವನನ್ನು ಎತ್ತಿಕೊಂಡು ಹೋಯಿತು.

ಟೆಂಪೋ ನೇರ ಕಾಡಪ್ಪನ ಮನೆಗೆ ಹೋಯಿತು. ಶಿವಗಂಗವ್ವ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು.

"ತಂಗಿ, ಅಂವ ಇವತ್ತ ಉಪವಾಸ ಅದಾನೇನು?"

"ಹೌದ್ರಿ ಅಣ್ಣಾರ. ಮುಂಜಾನಿ ಬರೇ ಚಹಾ ಕುಡದು ಹೋಗ್ಯಾರ. ನಂದೂ ಉಪವಾಸರಿ. ಅಲ್ಲರಿ, ಯಾಕ..."

ಅವಳ ಮಾತು ಮುಗಿಯುವವರೆಗೆ ನಿಂತಿದ್ದರೆ ಮುಂದಿನ ಫಜೀತಿಯೇ ಇರುತ್ತಿರಲಿಲ್ಲ. ಶಿವರಾತ್ರಿ, ಉಪವಾಸ, ಹಣೆಯಲ್ಲಿ ಬೂದಿ. ಇನ್ನೇನು ಪುರಾವೆ ಬೇಕು? ಸಿದ್ದಲಿಂಗಪ್ಪ ಕಾಶಪ್ಪನ ಅಡ್ಡೆಗೆ ಹೋಗಿ ಹೇಳಿದ, ಎದುರಿನ ಹೋಟೆಲಿನಲ್ಲಿ ಹೇಳಿದ, ಕನ್ನಡ ಬಾರದ ಗಿರಾಕಿಗೂ ಮರಾಠಿಯಲ್ಲಿ ಹೇಳಿ ಪೇಢೆ ಕೊಟ್ಟ. ಆ ಗಿರಾಕಿ ಗಂಡು ಮಗು ಹುಟ್ಟಿತೆಂದು ತಿಳಿದು ಶುಭಾಶಯ ಹೇಳಿ ಹೋದ. ಕಾಶಪ್ಪ ತಾನೇ ಪೇಟೆಗೆ ಹೋಗಿ ಕಾಡಪ್ಪನಿಗೆ ಹೊದಿಸಲು ಜರಿಯಂಚಿನ ಶಾಲು ತಂದ.

ಸಂಜೆ ಅಟ್ಟದ ತುಂಬ ಜನ. ಭಜನೆ ಸುರುವಾಗಿತ್ತು. ದಿನದಂತೆ ಅಂಗಡಿಗೆ ಹಣಿಕಿಕ್ಕಿದ ಕಾಡಪ್ಪನನ್ನು ಸಿದ್ದಲಿಂಗಪ್ಪ ರಟ್ಟೆ ಹಿಡಿದು ಒಳಗೆಳೆದ.

"ಬಂದ್ಯಲ್ಲಪಾ, ಬಂದ್ಯಲ್ಲ! ನನಗ ಗೊತ್ತಿತ್ತು!"

"ದಿನಾ ಬರ್ತೀನಿ. ಇವತ್ತೇನ್ ವಿಶೇಷ?"

"ಹಣೀ ಮ್ಯಾಗ ಏನದ?"

"ಬೂದಿ. ನಮ್ಮ ಉಪವಾಸ ಇವತ್ತಿಂದ ಸುರು ಆಗ್ತದ. ಬೂದಿ ಬುಧವಾರ ಅಂತಾರ. ಹ್ವಾದ ವರ್ಷ ಚರ್ಚಿನ್ಯಾಗ ಕೊಟ್ಟ ತೆಂಗಿನ ಗರಿ ಸುಟ್ಟು ಹಚ್ತಾರ. ಮಣ್ಣಿನ್ಯಾಂವ ಅದೀ, ಮಣ್ಣಿಗೆ ಹೋಗ್ತೀ ಅಂತ ಹೇಳಿ."

ಸಿದ್ದಲಿಂಗಪ್ಪನ ಕೈ ಸಡಿಲಾಯಿತು. "ಶಿವರಾತ್ರಿ ಅಲ್ಲ?"

"ಶಿವರಾತ್ರಿನೂ ಅದ. ಎರಡೂ ಒಂದ ದಿನಾ ಬಂದಾವ. ಅದಕ ನಾ ಏನ್ ಮಾಡ್ಲಿ?"

ಆಗ ಸಿದ್ದಲಿಂಗಪ್ಪ ದೀಪಾವಳಿಯ ಮಾತನ್ನು ಬಿಚ್ಚಿಟ್ಟ. ಹೊಸ್ತಿಲು, ಶಿವರಾತ್ರಿಯ ಗಡುವು, ಮೇಲೆ ಕಾಯುತ್ತಿರುವ ಶಾಲು. ಹೇಳುತ್ತ ಹೇಳುತ್ತಲೇ ಅವನಿಗೆ ಒಂದು ಉಪಾಯವೂ ಹೊಳೆಯಿತು.

"ಒಂದ ಮಾಡು. ನನ್ನ ಕೂಡ ಮ್ಯಾಲ ಬಾ. ಸುಮ್ಮ ಕೂಡು, ಒಂದ ಮಾತ ಆಡಬ್ಯಾಡ. ಬೂದಿ ನೋಡಿ ಅವರ ತಿಳ್ಕೋತಾರ. ನಾಳಿಂದ ನೀ ಎಲ್ಲಿ ಮೊಣಕಾಲ ಊರಿದ್ರೂ ನಾ ಕೇಳಾಂಗಿಲ್ಲ."

ಕಾಡಪ್ಪ ಪಕ್ಕದ ಚೀಲದಿಂದ ಒಂದು ಮೆಣಸಿನಕಾಯಿ ಎತ್ತಿ ತಿರುಗಿಸಿ ನೋಡಿದ. ಸುಕ್ಕುಸುಕ್ಕಾದ ಕಡುಗೆಂಪು ಬ್ಯಾಡಗಿ.

"ಸಿದ್ದಾ, ಚೀಲದ ಬಾಯಾಗಿಂದು ಒಂದು, ತಳದಾಗಿಂದು ಒಂದು ಅಂತ ನಾ ನಿನ್ನ ಆಡಿಕೊಂಡೆ. ಖರೇ ಹೇಳು, ಎಂದಾರ ಹಂಗ ಮಾರೀದಿಯೇನು?"

"ದೇವರಾಣಿ ಇಲ್ಲ."

"ಮತ್ತ ನನ್ನ ಯಾಕ ಹಂಗ ಮಾರ್ತಿ?"

ಮೇಲಿನಿಂದ ಕಾಶಪ್ಪನ ದನಿ ಬಂತು: "ಸಿದ್ದಲಿಂಗಪ್ಪಾ, ಕರ್ಕೊಂಡು ಬಾರಪಾ!"

ಕಾಡಪ್ಪ ಮೆಣಸಿನಕಾಯಿಯನ್ನು ಚೀಲಕ್ಕೆ ಹಾಕಿ, ತಾನಾಗಿಯೇ ಹೊಸ್ತಿಲು ದಾಟಿ ಹೊರಗೆ ಹೋಗಿ ನಿಂತ. ಚಪ್ಪಲಿ ಮೆಟ್ಟಿಕೊಂಡ, ಆದರೆ ಹೋಗಲಿಲ್ಲ.

ಸಿದ್ದಲಿಂಗಪ್ಪ ಒಬ್ಬನೇ ಅಟ್ಟ ಏರಿದ. ಭಜನೆ ನಿಂತಿತು. "ಕಾಶಪ್ಪನವರ, ನಾ ಸೋತೆ. ಅದು ಅವರ ಬೂದಿ, ನಮ್ಮದಲ್ಲ. ನಾನ ತಪ್ಪು ನೋಡೀನಿ. ಅಂವ ಹೊಳ್ಳಿ ಬರಾಂಗಿಲ್ಲ."

ಯಾರೋ ಕಿಸಕ್ಕೆಂದರು. ಕಾಶಪ್ಪ ತೊಡೆಯ ಮೇಲಿನ ಶಾಲನ್ನು ಮಡಚತೊಡಗಿದ. "ಪೇಢೆ ತಿನಿಸಿ ಸೋತೆ ಅಂತೀಯಲ್ಲೋ! ಇರ್ಲಿ. ಹೊಸ್ತಿಲದ ಮಾತು?"

"ಮಾತು ಮಾತ. ಇವತ್ತಿಂದ ಅವನ ಕಾಲು ಹೊಸ್ತಿಲಾ ದಾಟೂದಿಲ್ಲ."

ಇಷ್ಟು ಹೇಳಿ ಸಿದ್ದಲಿಂಗಪ್ಪ, ಕಾಶಪ್ಪ ಕುಳಿತಿದ್ದ ಬೆಂಚಿನ ಕಡೆ ನೋಡಿದ. ಮಂಡಿನೋವಿನ ಕಾಶಪ್ಪನಿಗೆಂದೇ ಅಟ್ಟದ ಮೇಲೆ ಇಟ್ಟಿದ್ದ ಬೆಂಚು ಅದು. "ಸ್ವಲ್ಪ ಏಳ್ರಿ" ಎಂದ. ಕಾಶಪ್ಪ ತಿಳಿಯದೆ ಎದ್ದ. ಸಿದ್ದಲಿಂಗಪ್ಪ ಬೆಂಚನ್ನು ಹೆಗಲಿಗೇರಿಸಿ, ಮೆಟ್ಟಿಲಿನ ಗೋಡೆಗೆಲ್ಲ ತಾಗಿಸುತ್ತ ಕೆಳಗಿಳಿದು, ಹೊಸ್ತಿಲಿನ ಆಚೆ ಕುಕ್ಕಿದ.

"ಕೂಡು," ಎಂದ ಕಾಡಪ್ಪನಿಗೆ. ತಾನೂ ಪಕ್ಕದಲ್ಲಿ ಕುಳಿತ. ಗಿರಾಕಿ ಬಂದರೆ ಅಲ್ಲಿಂದಲೇ ದರ ಹೇಳಿದ.

ಅಂದಿನಿಂದ ಅದೇ ರೂಢಿಯಾಯಿತು. ಲೋಕಲ್ ಇಳಿದು ಬಂದ ಕಾಡಪ್ಪ ಹೊರಗಿನ ಬೆಂಚಿಗೆ, ಗಲ್ಲಾ ಬಿಟ್ಟು ಎದ್ದ ಸಿದ್ದಲಿಂಗಪ್ಪನೂ ಹೊರಗಿನ ಬೆಂಚಿಗೆ. ಮಾತು ಒಂದು ಕೂದಲಿನಷ್ಟೂ ತಪ್ಪಲಿಲ್ಲ. ಭಾನುವಾರ ಕಾಡಪ್ಪ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದ, ಇಂಡಿಯ ವಾಸನೆ ಹೊಡೆಯುವ ಮರಾಠಿಯಲ್ಲಿ. ಅಲ್ಲಿಯೂ ದೃಷ್ಟಾಂತಕ್ಕೆ ಬರುತ್ತಿದ್ದವನು ಸಿದ್ದಲಿಂಗಪ್ಪನೇ. ಕ್ಯಾಂಪಿನ ಮಕ್ಕಳು ಅಂಗಡಿಯ ಮುಂದೆ ಹಾದರೆ "ಮಿರ್ಚಿವಾಲೇ ಕಾಕಾ" ಎಂದು ಬೆರಳು ಮಾಡಿ ತೋರಿಸುತ್ತಿದ್ದವು.

ಅಟ್ಟದ ಮೇಲೆ ಅರ್ಥ ಹೇಳಲು ಹೊಸಬನೊಬ್ಬ ಬಂದ. ಅವನ ಅರ್ಥ ಕೇಳಿ ಓದಿದವರಿಗೇ ನಿದ್ದೆ ಬರುತ್ತಿತ್ತು. ಎರಡನೆಯ ಶ್ರಾವಣದಲ್ಲಿ ಕಾಶಪ್ಪ ಪುರಾಣ ಮುಗಿಸಿ ಇಳಿದು ಬೆಂಚಿನ ತುದಿಗೆ ಕುಳಿತ, ಮಂಡಿ ನೀವಿಕೊಳ್ಳುವ ನೆಪ ಮಾಡಿ.

"ಏನ್ರಿ ಕಾಡಪ್ಪ, ಇವತ್ತ ಒಂದ ಪದ್ಯ ತಿಳೀಲಿಲ್ಲ..."

"ಸಂಘದ ಠರಾವು ಅದರೀ ಕಾಶಪ್ಪನವರ," ಎಂದ ಸಿದ್ದಲಿಂಗಪ್ಪ ಗಂಭೀರವಾಗಿ.

"ಠರಾವು ಮನಿಗೆ, ಅಂಗಡಿಗೆ. ಇದು ಮುನಿಸಿಪಾಲ್ಟಿ ರಸ್ತೆ. ನೀ ಸುಮ್ಮಿರು."

ಕಾಡಪ್ಪ ಅರ್ಥ ಹೇಳಿದ. ಮೊದಲಿನಷ್ಟೇ ಸ್ವಚ್ಛವಾಗಿ, ಒಂದಿಷ್ಟೂ ತನ್ನದನ್ನು ಬೆರೆಸದೆ. ಮರುವರ್ಷದ ಹೊತ್ತಿಗೆ ಅಟ್ಟದಿಂದ ಇಳಿದವರೆಲ್ಲ ಬೆಂಚಿನ ಸುತ್ತ ನಿಲ್ಲತೊಡಗಿದರು.

ಎಂಬತ್ತೆಂಟರ ಮಳೆಗಾಲದಲ್ಲಿ ಕಾಡಪ್ಪ ಎದೆನೋವಿನಿಂದ ತೀರಿಕೊಂಡ. ಕ್ರಿಶ್ಚನ್ನರ ಸ್ಮಶಾನದಲ್ಲಿ ಶಿವಗಂಗವ್ವನ ಹಿಂದೆ ಸಂಘದ ಅರ್ಧ ಜನ ಕೊಡೆ ಹಿಡಿದು ನಿಂತಿದ್ದರು. ಕಾಶಪ್ಪ ಕುಣಿಯನ್ನು ನೋಡಿ ಮೆಲ್ಲಗೆ ಹೇಳಿದ: "ನಮ್ಮಾಗ ಕೂಡಿಸಿ ಮಣ್ಣ ಕೊಡ್ತಾರ. ಇವರು ಮಲಗಸ್ತಾರ ನೋಡು."

"ಮಲಗ್ಲಿ ಬಿಡ್ರಿ. ಏಳ ವರ್ಷ ನನ್ನ ಬೆಂಚಿನ ಮ್ಯಾಲ ಕೂತು ಬೆನ್ನ ಹಿಡಿದಿತ್ತು ಅವಂಗ," ಎಂದ ಸಿದ್ದಲಿಂಗಪ್ಪ. ಎಲ್ಲರಂತೆ ಅವನೂ ಒಂದು ಹಿಡಿ ಮಣ್ಣು ಹಾಕಿದ. ಕೈ ಕೊಡವಿಕೊಳ್ಳಲು ಮಾತ್ರ ಬಹಳ ಹೊತ್ತು ಹಿಡಿಯಿತು.

ಮರುದಿನ ಅವನು ಬೆಂಚನ್ನು ಒಳಗೆ ತಂದ. ಯಾರ ಕಾಲಿನ ಬಗ್ಗೆ ಮಾತು ಕೊಟ್ಟಿದ್ದನೋ ಆ ಕಾಲೇ ಇಲ್ಲ, ಮಾತು ತೀರಿತು. ಸಂಜೆ ಲೋಕಲ್ ಬರುವ ಹೊತ್ತಿಗೆ ಕಾಶಪ್ಪ ಕೋಲೂರುತ್ತ ಬಂದು ಹೊಸ್ತಿಲ ಆಚೆಯೇ ನಿಂತ.

"ಒಳಗ ಬರ್ರಿ, ಬೆಂಚ ಇಲ್ಲೇ ಅದ."

"ಒಳಗ ನಿನ್ನ ಮೆಣಸಿನಕಾಯಿ ಘಾಟು. ಹೊರಗ ಹಾಕು."

"ಮಾತು ಮುಗೀತಲ್ರಿ?"

"ನಿಂದು ಮುಗೀತು. ನಾ ಎಲ್ಲಿ ಕೂಡ್ಲಿ?"

ಸಿದ್ದಲಿಂಗಪ್ಪ ಒಂದು ತುದಿ ಎತ್ತಿದ. ಕಾಶಪ್ಪ ಕೋಲನ್ನು ಗೋಡೆಗೆ ಒರಗಿಸಿ ಇನ್ನೊಂದು ತುದಿಗೆ ಕೈ ಹಚ್ಚಿದ.